ಮೊದಲು ಮೂರು ಉಪಾಯ

ಗೊಂಗ್ ತಾತ ಗೆಣಸಿನ ಹಗೇವಿನಲ್ಲಿ ಸತ್ತ ಮೇಲೆ ಊರಿಗೆ ಊರೇ ಶಿಶುವಿಹಾರವನ್ನು ಹೊಗಳಿದ್ದೇ ಹೊಗಳಿದ್ದು. ಸಾವಿನ ಮನೆಯಲ್ಲಿ ಟೀಚರನ್ನು ಹುಡುಕಿಕೊಂಡು ಬಂದು ಕೈ ಹಿಡಿದು ಕುಲುಕುವುದೆಂದರೆ ಏನು! ಟೀಚರ್ ಮೆಂಗ್ ಯಾಚಿನ್ ತಲೆ ತಗ್ಗಿಸಿಕೊಂಡು ನಿಂತಿದ್ದಳು. ಸುಳ್ಳೇಕೆ ಹೇಳಬೇಕು, ಅವತ್ತು ಅವಳಿಗೂ ಒಳಗೊಳಗೇ ಹೆಮ್ಮೆಯಾಗಿತ್ತು.

ಹೊಗಳುವುದಕ್ಕೆ ಕಾರಣವೂ ಇತ್ತು. ಚೀನಾದ ಶಾನ್‌ಡೊಂಗಿನ ಆ ಗುಡ್ಡದ ಊರುಗಳಲ್ಲಿ ಮನೆಮನೆಯ ಅಂಗಳದಲ್ಲೂ ಗೆಣಸು ಕಾದಿಡಲು ನೆಲದೊಳಗೆ ತೋಡಿದ ಒಂದು ಹಗೇವು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ದೊಡ್ಡದು. ಚಳಿಗಾಲವೆಲ್ಲ ಮುಚ್ಚಿದ್ದು ವಸಂತದಲ್ಲಿ ಬೀಜದ ಗೆಣಸು ತೆಗೆಯಲು ಬಾಯಿ ತೆರೆದರೆ ಒಳಗಿನ ಗಾಳಿ ವಿಷವಾಗಿರುತ್ತದೆ. ಅಪ್ಪ ಬಿದ್ದನೆಂದು ಮಗ ಇಳಿಯುತ್ತಾನೆ, ಮಗ ಬಿದ್ದನೆಂದು ಸೊಸೆ ಇಳಿಯುತ್ತಾಳೆ. ಗುಡ್ಡದಾಚೆಯ ಊರಿನಲ್ಲಿ ಒಂದೇ ಮನೆಯ ಹೆಣಗಳನ್ನು ಸಾಲಾಗಿ ಮಲಗಿಸಿದ್ದನ್ನು ನೋಡಿದವರು ಇನ್ನೂ ಇದ್ದಾರೆ. ಗೊಂಗ್ ತಾತ ಹುಷಾರಿನ ಮನುಷ್ಯ, ಹಚ್ಚಿದ ಮೇಣದ ಬತ್ತಿಯನ್ನು ಒಳಗೆ ಬಿಟ್ಟು ನೋಡದೆ ಇಳಿದವನೇ ಅಲ್ಲ. ಅವತ್ತೂ ಬಿಟ್ಟ. ಬತ್ತಿ ಆರಿತು. ಹೊರಗೆ ಬೀಸುತ್ತಿದ್ದ ಗಾಳಿಗೆ ಆರಿತೆಂದು ಗೊಣಗಿಕೊಂಡು ಇಳಿದೇಬಿಟ್ಟ.

ಹಗೇವಿನ ಬಾಯಲ್ಲಿ ಕೂತಿದ್ದವಳು ಅವನ ಮೊಮ್ಮಗಳು ಸುಯಿಸುಯಿ, ಐದು ವರ್ಷದ್ದು. ಬುಟ್ಟಿಯ ಹಗ್ಗ ಹಿಡಿದುಕೊಳ್ಳುವುದು ಅವಳ ಕೆಲಸ. ಅಜ್ಜಿ ಸಂತೆಗೆ ಹೋಗಿದ್ದಳು. ತಾಲ್ಲೂಕು ಪೇಟೆಯಲ್ಲಿ ತರಕಾರಿ ಅಂಗಡಿ ಇಟ್ಟಿದ್ದ ಅಪ್ಪ ಅಮ್ಮ ವಾರಕ್ಕೊಮ್ಮೆ ಬರುವವರು. ಮಗು ಇಳಿಯಲಿಲ್ಲ. ಪಕ್ಕದ ಮನೆಗೆ ಹೋಗಿ ಹೇಳಿತು. ಅಲ್ಲಿನ ದೊಡ್ಡಮ್ಮ ಓಡಿ ಬಂದು ಇಳಿಯಲು ಕಾಲು ಹಾಕಿದಾಗ ಅವಳ ಸೊಂಟ ಹಿಡಿದು ಜಗ್ಗಿದ್ದೂ ಈ ಮಗುವೇ.

"ಯಾಕಮ್ಮಾ ಇಳೀಲಿಲ್ಲ ನೀನು?" ಎಂದು ಪೊಲೀಸಿನವನು ಮಂಡಿಯೂರಿ ಕೇಳಿದ್ದನಂತೆ.

"ಬಿದ್ದವರ ಹಿಂದೆ ನಾವೂ ಬೀಳಬಾರದು. ನಮ್ಮ ಆಟದಲ್ಲಿ ಹಾಗೇ ಇರೋದು," ಎಂದಿತ್ತು ಮಗು.

ಆ ಆಟ ಮೆಂಗ್ ಯಾಚಿನ್‌ಳದ್ದು. ಅವಳು ಕತೆಯನ್ನು ಅರ್ಧಕ್ಕೇ ನಿಲ್ಲಿಸುವ ಟೀಚರ್. ಮೇಕೆಮರಿ ಪಾಳುಬಾವಿಗೆ ಬಿತ್ತು, ಅದರ ಗೆಳೆಯ ಮುಳ್ಳುಹಂದಿ ಮೇಲೆ ನಿಂತಿದೆ, ಮುಂದೇನು? ಹೋಗಿ, ಆಡಿ, ನೀವೇ ಹುಡುಕಿ. ಅಂಗಳದಲ್ಲಿ ಡ್ರಮ್ಮುಗಳು, ಹಲಗೆಗಳು, ಬಿದಿರೇಣಿ, ಹಗ್ಗ ಎಲ್ಲ ಬಿದ್ದಿರುತ್ತಿದ್ದವು. ಮೇಕೆಮರಿಯನ್ನು ಎತ್ತಲು ಟಿಯೆತೌ ಎಂಬ ಹುಡುಗ ತಾನೂ ಡ್ರಮ್ಮಿಗೆ ಧುಮುಕಿ ಸಿಕ್ಕಿಕೊಂಡು ಬಾಯಿ ಬಡಿದುಕೊಂಡ. ಬಿದ್ದವರ ಹಿಂದೆ ಬೀಳಬಾರದೆಂದು ಮಕ್ಕಳೇ ತೀರ್ಮಾನ ಮಾಡಿದ್ದು ಆವತ್ತು.

ಮೊದಲು ಹೀಗಿರಲಿಲ್ಲ. ಹೊಸ ಪದ್ಧತಿಯ ತರಬೇತಿ ಕೊಡಲು ಬಂದವರು, ಮಕ್ಕಳು ಆಡುವಾಗ ಟೀಚರು ಕೈ ಹಿಂದಕ್ಕೆ ಕಟ್ಟಿಕೊಳ್ಳಬೇಕು, ಬಾಯಿ ಮುಚ್ಚಿಕೊಳ್ಳಬೇಕು, ಕಣ್ಣು ಕಿವಿ ಮಾತ್ರ ತೆರೆದಿರಬೇಕು ಎಂದು ಹೇಳಿಹೋದರು. ಹೇಳುವುದೇನು ಸುಲಭ! ಬೆಳಗಿಂದ ಸಂಜೆಯವರೆಗೆ "ಟೀಚರ್ ಜಿಪ್ ಹಾಕಿ, ಟೀಚರ್ ಅವನು ನೂಕಿದ, ಟೀಚರ್ ನನ್ನ ಬೂಟು" ಎಂದು ಅಂಗಿ ಹರಿಯುವ ಹಾಗೆ ಜಗ್ಗುವ ಮಕ್ಕಳ ನಡುವೆ ಬಾಯಿ ಮುಚ್ಚಿಕೊಂಡಿರುವುದು ಹೇಗೆ? ಅದಕ್ಕೇ ಅವಳು ತನ್ನದೇ ಒಂದು ನಿಯಮ ಕಟ್ಟಿದಳು. "ಮೊದಲು ಮೂರು ಉಪಾಯ, ಆಮೇಲೆ ಟೀಚರ್." ಮೂರು ಸಲ ನೀವೇ ಮಾಡಿ ನೋಡಿ, ಆಗದಿದ್ದರೆ ನನ್ನ ಹತ್ತಿರ ಬನ್ನಿ. ಮಕ್ಕಳು ಒಂದೊಂದು ಉಪಾಯಕ್ಕೆ ಒಂದೊಂದು ಬೆರಳು ಎತ್ತುವುದನ್ನು ಕಲಿತರು. ಕರೆಯುವುದು ನಿಂತೇಹೋಯಿತು. ಬೇರೆ ಊರಿನ ಟೀಚರುಗಳು ನೋಡಲು ಬಂದರು. ಯಾಚಿನ್ ಹಿಗ್ಗಿದಳು. ಯಾರು ಹಿಗ್ಗುವುದಿಲ್ಲ ಹೇಳಿ?

ಏಳನೆಯ ದಿನದ ಶಾಸ್ತ್ರ ಮುಗಿಸಿ ಸುಯಿಸುಯಿ ಶಿಶುವಿಹಾರಕ್ಕೆ ಬಂದಳು. ತೋಳಿಗೆ ಸಾವಿನ ಗುರುತಿನ ಕಪ್ಪು ಬಟ್ಟೆಯ ತುಂಡು ಪಿನ್ನು ಹಾಕಿತ್ತು. ಅಳಲಿಲ್ಲ, ಯಾರನ್ನೂ ಮಾತಾಡಿಸಲಿಲ್ಲ. ಆಟದ ಹೊತ್ತಿಗೆ ನೇರ ಹೋಗಿ ದೊಡ್ಡ ಡ್ರಮ್ಮಿನ ಮುಂದೆ ನಿಂತಳು.

"ಟಿಯೆತೌ, ಇದರೊಳಗೆ ಇಳಿದು ಮಲ್ಕೋ."

"ನಾನ್ಯಾಕೆ ಸಾಯ್ಲಿ? ನೀನೇ ಸಾಯಿ."

"ಸಾಯ್ಬೇಡ್ವೋ. ಕರೆದ್ರೆ ಮಾತಾಡ್ಬೇಡ, ಅಷ್ಟೆ."

"ಎಷ್ಟು ಹೊತ್ತು?"

"ನಾನು ಹೇಳೋ ತನಕ."

ಯಾಚಿನ್ ದೂರದಲ್ಲಿ ನಿಂತು ಕೈ ಹಿಂದಕ್ಕೆ ಕಟ್ಟಿಕೊಂಡು ನೋಡುತ್ತಿದ್ದಳು. ಸಂಕಟವನ್ನು ಮಕ್ಕಳು ಆಡಿಯೇ ಕಳೆದುಕೊಳ್ಳುತ್ತಾರೆ ಎಂದು ಅವಳು ಓದಿದ್ದಳು, ನಂಬಿದ್ದಳು.

ಸುಯಿಸುಯಿ ಡ್ರಮ್ಮಿನೊಳಗೆ ಹಗ್ಗ ಬಿಟ್ಟು ಅಲ್ಲಾಡಿಸಿದಳು. "ತಾತ, ಹಿಡ್ಕೊಳ್ಳಿ," ಎಂದಳು ಮೆಲ್ಲಗೆ. ಕಾದಳು. ಒಂದು ಬೆರಳು ಎತ್ತಿದಳು. ಆಮೇಲೆ ಅಂಗಳದ ಮೂಲೆಯಿಂದ ಉದ್ದದ ಬಿದಿರು ಎಳೆದುಕೊಂಡು ಬಂದು ಒಳಗೆ ಇಳಿಬಿಟ್ಟು ಟಿಯೆತೌನ ಭುಜ ತಟ್ಟಿದಳು. ಅವನು ಕಿಸಕ್ಕೆಂದ. "ನಗ್ಬೇಡ!" ಎಂದು ಗದರಿ ಎರಡನೆಯ ಬೆರಳು ಎತ್ತಿದಳು. ಆಮೇಲೆ ಏನನ್ನೋ ಹುಡುಕುತ್ತ ಅಂಗಳವೆಲ್ಲ ಸುತ್ತಿದಳು. ಹಲಗೆಗಳ ಹಿಂದೆ, ಚಪ್ಪಲಿ ಗೂಡಿನ ಕೆಳಗೆ, ಎಲ್ಲ ಕಡೆ. ಕೊನೆಗೆ ಒಂದು ರಟ್ಟು ಸಿಕ್ಕಿತು. ತಂದು ಡ್ರಮ್ಮಿನ ಬಾಯಿಗೆ ಬೀಸಿದಳು. ಬೀಸಿದಳು, ಬೀಸಿದಳು, ತೋಳು ಸೋಲುವ ತನಕ ಬೀಸಿದಳು. ಮೂರನೆಯ ಬೆರಳು. ಆಮೇಲೆ ಬಟ್ಟೆಯ ಧೂಳು ಕೊಡವಿಕೊಂಡು, ಮರಳಿನಲ್ಲಿ ಅಡುಗೆಯಾಟ ಆಡುತ್ತಿದ್ದ ಹುಡುಗಿಯ ಹತ್ತಿರ ಹೋಗಿ, "ದೊಡ್ಡಮ್ಮಾ, ತಾತ ಮಾತಾಡ್ತಿಲ್ಲ," ಎಂದಳು.

ಯಾಚಿನ್‌ಳ ಕಟ್ಟಿಕೊಂಡಿದ್ದ ಕೈ ತಾನಾಗಿ ಬಿಟ್ಟುಹೋಯಿತು. ಓಡಿಹೋಗಿ ಮಗುವಿನ ಮುಂದೆ ಕುಕ್ಕರಿಸಿದಳು.

"ಸುಯಿಸುಯಿ, ಅವತ್ತೂ ಹೀಗೇ ಮಾಡಿದ್ಯಾ?"

"ಹೂಂ ಟೀಚರ್. ಮೂರೂ ಮಾಡ್ದೆ. ಒಂದೂ ಬಿಡ್ಲಿಲ್ಲ."

"ರಟ್ಟು... ರಟ್ಟನ್ನೂ ಹುಡುಕಿದ್ಯಾ?"

"ಅದೇ ತಡ ಆಗಿದ್ದು. ಮನೆ ಒಳಗೆಲ್ಲ ಹುಡುಕ್ದೆ. ಮಂಚದ ಕೆಳಗಿತ್ತು."

"ಆಗ ಪಕ್ಕದ ಮನೆ ದೊಡ್ಡಮ್ಮ ಎಲ್ಲಿದ್ರು ಕಂದಾ?"

"ಗೋಡೆ ಆಚೆ. ಜೋಳದ ದೋಸೆ ಹುಯ್ತಾ ಇದ್ರು. ವಾಸನೆ ಬರ್ತಿತ್ತು." ಸುಯಿಸುಯಿ ಟೀಚರ ಮುಖವನ್ನೇ ನೋಡುತ್ತಿದ್ದಳು. "ಟೀಚರ್, ಮೂರರಲ್ಲಿ ಯಾವುದು ಸರಿಯಾದ್ದು? ಯಾವುದನ್ನ ನಾನು ಸರಿಯಾಗಿ ಮಾಡ್ಲಿಲ್ಲ?"

ಡ್ರಮ್ಮಿನೊಳಗಿಂದ ಟಿಯೆತೌ, "ಲೇ, ನಾನಿನ್ನೂ ಮಾತಾಡ್ಬಾರ್ದಾ?" ಎಂದು ಕೂಗಿದ. ಯಾಚಿನ್ ಮಗುವಿನ ತೋಳಿನ ಪಿನ್ನು ಸರಿಮಾಡಿದಳು. "ಯೋಚನೆ ಮಾಡೋಣ," ಎಂದಳು. ಅಂಥ ಮಗುವಿಗೆ ಅಂಥ ಉತ್ತರ! ಹೇಳಿದ ಮರುಕ್ಷಣವೇ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಅವತ್ತಿನಿಂದ ಹಗ್ಗ ಅಲ್ಲಾಡಿಸುವುದಕ್ಕೆ ಎಷ್ಟು ಹೊತ್ತು, ಬಿದಿರು ತರುವುದಕ್ಕೆ ಎಷ್ಟು ಹೊತ್ತು, ಮಂಚದ ಕೆಳಗೆ ತೂರಿ ರಟ್ಟು ಎಳೆಯುವುದಕ್ಕೆ ಎಷ್ಟು ಹೊತ್ತು ಎಂದು ಮನಸ್ಸು ಲೆಕ್ಕ ಹಾಕುತ್ತಲೇ ಇತ್ತು. ಗೋಡೆಯಾಚೆಗೆ ಒಂದು ಕೂಗು ಹಾಕಿದ್ದರೆ ಸಾಕಿತ್ತು. ಒಂದೇ ಒಂದು ಕೂಗು. ಅದನ್ನು ಕೂಗಬೇಡವೆಂದು ಕಲಿಸಿದವಳು ತಾನು.

ಸುಯಿಸುಯಿ ದಿನಾ ಅದೇ ಆಟ ಆಡಿದಳು. ಹಗ್ಗಕ್ಕೆ ಗಂಟು ಹಾಕಿ ನೋಡಿದಳು. ಎರಡು ರಟ್ಟು ಹಿಡಿದು ಬೀಸಿದಳು. ಬಿದಿರಿನ ತುದಿಗೆ ಕೊಕ್ಕೆ ಕಟ್ಟಿದಳು. ಮಿಕ್ಕ ಮಕ್ಕಳಿಗೆ ಬೇಜಾರಾಗಿ ಹೊರಟುಹೋದರೂ ಒಬ್ಬಳೇ ಆಡಿದಳು. ಯಾವ ಉಪಾಯ ಮಾಡಿದ್ದರೆ ತಾತ ಮೇಲೆ ಬರುತ್ತಿದ್ದನೆಂದು ಆ ಮಗು ಹುಡುಕುತ್ತಿತ್ತು. ನೋಡಲಾರದೆ ಯಾಚಿನ್ ಮುಖ ತಿರುಗಿಸುತ್ತಿದ್ದಳು.

ಅಷ್ಟರಲ್ಲಿ ಮುಖ್ಯಸ್ಥೆ ಲ್ಯೂ ಮೇಡಂ ಕೋಣೆಗೆ ಕರೆದು ಕುಡಿಯಲು ಬಿಸಿನೀರು ಕೊಟ್ಟು, ಮುಖ ಅರಳಿಸಿಕೊಂಡು ಹೇಳಿದರು. "ತಾಲ್ಲೂಕಿನಿಂದ ದೊಡ್ಡವರು ಬರ್ತಾ ಇದಾರೆ ಕಣ್ರೀ! ಸುಯಿಸುಯಿ ಕೈಲಿ ನಾಲ್ಕು ಮಾತು ಹೇಳಿಸಿ. ಇಳೀಲಿಲ್ಲ, ಓಡಿಹೋಗಿ ದೊಡ್ಡವರನ್ನ ಕರೆದೆ ಅಂತ. ಮಗು ಬಾಯಲ್ಲಿ ಬಂದ್ರೆ ಅದರ ತೂಕವೇ ಬೇರೆ."

"ಓಡಿಹೋಗಿ ಕರೀಲಿಲ್ಲ ಮೇಡಂ," ಎಂದು ಯಾಚಿನ್ ನಡೆದದ್ದನ್ನೆಲ್ಲ ಹೇಳಿದಳು.

ಲ್ಯೂ ಮೇಡಂ ಎದ್ದು ಬಾಗಿಲು ಹಾಕಿದರು. "ಯಾರಿಗೆ ಹೇಳಿದೀರ ಇದನ್ನ?"

"ಯಾರಿಗೂ ಇಲ್ಲ."

"ಹೇಳ್ಬೇಡಿ. ನಿಮ್ಮ ದಮ್ಮಯ್ಯ ಹೇಳ್ಬೇಡಿ. ಆ ಗಾಳೀಲಿ ನಾಲ್ಕು ಉಸಿರು ಎಳೆದ್ರೆ ಮುಗೀತಂತೆ. ಕೂಗಿದ್ರೆ ಏನಾಗ್ತಿತ್ತು? ಆ ಹೆಂಗಸು ಧುಮುಕಿ ಅವಳೂ ಹೋಗ್ತಿದ್ಲು."

"ಇರಬಹುದು. ಇಲ್ಲದೇನೂ ಇರಬಹುದು. ಯಾರಿಗೂ ಗೊತ್ತಿಲ್ಲ ಮೇಡಂ."

"ಗೊತ್ತಿಲ್ಲದ್ದನ್ನ ಯಾಕ್ರೀ ಕೆದಕ್ತೀರ?"

"ಯಾಕಂದ್ರೆ ಇದು ಬೀಜದ ಗೆಣಸು ತೆಗೆಯೋ ಕಾಲ!" ಯಾಚಿನ್‌ಳ ದನಿ ಏರಿತು. "ನನ್ನ ಕ್ಲಾಸಿನ ಮಕ್ಕಳೆಲ್ಲ ಒಂದಲ್ಲ ಒಂದು ಹಗೇವಿನ ಬಾಯಲ್ಲಿ ಕೂತಿರ್ತಾವೆ. ಎಲ್ಲರ ತಲೆಯಲ್ಲೂ ನಾನೇ ತುಂಬಿದ ಮೂರು ಉಪಾಯ ಇದೆ. ಮೊದಲು ಕೂಗಿ ಅಂತ ಈಗಲೇ ಹೇಳ್ಬೇಕು. ಹೇಳಿದ್ರೆ ಅಲ್ಲೇ ಕೂತಿರೋ ಸುಯಿಸುಯಿಗೆ ಏನು ಕೇಳಿಸುತ್ತೆ? ನೀನು ಕೂಗಲಿಲ್ಲ, ಅದಕ್ಕೇ ತಾತ ಸತ್ತ ಅಂತ ಕೇಳಿಸುತ್ತೆ. ನಾನೇನು ಮಾಡ್ಲಿ ಹೇಳಿ!"

ಲ್ಯೂ ಮೇಡಂ ಕಿಟಕಿಯ ಹತ್ತಿರ ಹೋಗಿ ಹೊರಗೆ ಯಾರಾದರೂ ಇದ್ದಾರೋ ಎಂದು ನೋಡಿದರು. ಕೆಟ್ಟ ಹೆಂಗಸಲ್ಲ ಅವರು, ಹೆದರುವ ಹೆಂಗಸು. "ಬರೋರಿಗೆ ಮಗೂಗೆ ಹುಷಾರಿಲ್ಲ ಅಂತೀನಿ," ಎಂದರು ಕೊನೆಗೆ. "ಮಿಕ್ಕಿದ್ದು ಆ ಮನೆಯವರ ಜೊತೆ ಮಾತಾಡಿಕೊಳ್ಳಿ."

ಸಂಜೆ ಹೋದಾಗ ಅಜ್ಜಿ ಅಂಗಳದಲ್ಲಿ ಈರುಳ್ಳಿ ಗಿಡ ಬಿಡಿಸುತ್ತ ಕೂತಿದ್ದಳು. ಹಗೇವಿನ ಬಾಯಿಗೆ ಬೀಸುವ ಕಲ್ಲನ್ನು ಉರುಳಿಸಿ ಮುಚ್ಚಿದ್ದರು. ಸುಯಿಸುಯಿ ಪಕ್ಕದ ಮನೆಯಲ್ಲಿದ್ದಳು. ಯಾಚಿನ್ ನಿಂತೇ ಮಾತು ಶುರು ಮಾಡಿದಳು, ತಡವರಿಸಿದಳು, ಮತ್ತೆ ಮೊದಲಿನಿಂದ ಶುರು ಮಾಡಿದಳು.

"ಕೂತ್ಕೊಳ್ಳಿ ಟೀಚರಮ್ಮ," ಎಂದಳು ಅಜ್ಜಿ ತಲೆ ಎತ್ತದೆ. "ನಂಗೆ ಗೊತ್ತು. ಅವತ್ತೇ ಹೇಳ್ತು ಮಗು. ಹಗ್ಗ, ಬಿದಿರು, ರಟ್ಟು. ಬೆರಳು ಎತ್ತಿ ಎತ್ತಿ ಹೇಳ್ತು."

ಯಾಚಿನ್ ಕಟ್ಟೆಯ ಮೇಲೆ ಕುಸಿದಳು. "ಮತ್ತೆ ನೀವು... ಒಂದು ಮಾತೂ..."

"ಏನು ಮಾತಾಡ್ಲಿ? ನಿಮ್ಮ ಮೇಲೆ ಉರಿ ಇಲ್ಲ ಅಂದ್ಕೊಂಡ್ರಾ? ಹೊಟ್ಟೇಲಿ ಕೆಂಡ ಇಟ್ಕೊಂಡಿದೀನಿ. ಕಷ್ಟ ಬಂದ್ರೆ ದೊಡ್ಡವರನ್ನ ಕೂಗೋದು ಕೋಳಿಮರಿಗೂ ಗೊತ್ತು. ಅದನ್ನೇ ಮರೆಸಿಬಿಟ್ರಲ್ಲ ನೀವು, ಓದಿದೋರು!" ಅಜ್ಜಿ ಕೈಲಿದ್ದ ಗಿಡವನ್ನು ಬುಟ್ಟಿಗೆ ಎಸೆದಳು. "ಆದ್ರೆ ಅವಳು ಆ ಗುಂಡಿಗೆ ಇಳೀದೇ ಉಳಿದದ್ದೂ ನಿಮ್ಮಿಂದ್ಲೇ. ಇಳಿದಿದ್ರೆ ನಾನು ಎರಡು ಹೆಣ ತೊಳೀಬೇಕಿತ್ತು. ಈಗ ಹೇಳಿ, ನಿಮ್ಮ ಕಾಲಿಗೆ ಬೀಳ್ಲಾ, ಇಲ್ಲ ಜುಟ್ಟು ಹಿಡೀಲಾ?"

ಯಾಚಿನ್ ಅತ್ತುಬಿಟ್ಟಳು. ಅಜ್ಜಿ ಸಮಾಧಾನ ಮಾಡಲಿಲ್ಲ, ಅಳಲು ಬಿಟ್ಟಳು.

"ಅವಳಿಗೆ ಒಂದು ಸುಳ್ಳು ಹೇಳಿದೀನಿ," ಎಂದಳು ಆಮೇಲೆ. "ಇಳೀತಿದ್ದ ಹಾಗೇ ತಾತನ ಉಸಿರು ನಿಂತುಹೋಗಿತ್ತು, ನೀನು ಏನು ಮಾಡಿದ್ರೂ ಅಷ್ಟೆ, ಮಾಡದಿದ್ರೂ ಅಷ್ಟೆ ಅಂತ. ನೀವೂ ಅದನ್ನೇ ಹೇಳ್ಬೇಕು. ಬೇರೆ ಮಕ್ಕಳಿಗೆ ಕಲಿಸ್ತೀರಾ, ಕಲಿಸಿ. ಬೇಗ ಕಲಿಸಿ. ನಾಳೆ ಇವಳನ್ನ ಕಳಿಸಲ್ಲ." ಆಗಲಿ ಎಂದು ಯಾಚಿನ್ ಮಾತು ಕೊಟ್ಟಳು.

ಮಾರನೆಯ ದಿನ ಸುಯಿಸುಯಿ ಬರಲಿಲ್ಲ. ಯಾಚಿನ್ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕತೆಯನ್ನು ಮೊದಲ ಸಲ ಕೊನೆಯ ತನಕ ಹೇಳಿದಳು. ಮೇಕೆಮರಿ ಬಿತ್ತು. ಕರೆದರೆ ಓಗೊಡಲಿಲ್ಲ. ಮುಳ್ಳುಹಂದಿ ಏನು ಮಾಡಿತು? ಗಂಟಲು ಹರಿಯುವ ಹಾಗೆ ಕೂಗಿತು, ಕೂಗುತ್ತ ಓಡಿತು. ಯಾರಾದರೂ ಬಿದ್ದು ಮಾತಾಡದಿದ್ದರೆ ಮೂರು ಉಪಾಯವಿಲ್ಲ, ಒಂದೇ ಉಪಾಯ. "ಎಲ್ಲಿ, ಕೂಗಿ ನೋಡೋಣ," ಎಂದಳು. ಮಕ್ಕಳಿಗೆ ಹಬ್ಬವೇ ಆಯಿತು. "ಯಾರಾದ್ರೂ ಬನ್ನೀ!" ಎಂದು ಕಿರುಚಿದ್ದೇ ಕಿರುಚಿದ್ದು. ರಸ್ತೆಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರಿನವನು ನಿಲ್ಲಿಸಿ ಗೇಟಿನ ಹತ್ತಿರ ಬಂದು ಇಣುಕಿದ. ಅವನನ್ನು ಕಂಡು ಮಕ್ಕಳು ಇನ್ನೂ ಜೋರಾಗಿ ಕೂಗಿದರು.

ಯಾಚಿನ್‌ಳಿಗೆ ಅರ್ಧ ಹೊರೆ ಇಳಿದ ಹಾಗಾಯಿತು. ಈ ಮಕ್ಕಳಂತೂ ಉಳಿದುಕೊಂಡವು. ಇನ್ನು ಸುಯಿಸುಯಿಯ ಮುಂದೆ ಈ ಮಾತು ಎತ್ತದಿದ್ದರೆ ಸರಿ ಎಂದುಕೊಂಡಳು. ಮಕ್ಕಳ ನಡುವೆ ಅಷ್ಟು ವರ್ಷ ಕಳೆದವಳು, ಅವರ ಬಾಯಿಗೆ ಬೀಗ ಹಾಕಲು ಆಗುವುದಿಲ್ಲವೆಂಬುದು ಆ ಕ್ಷಣಕ್ಕೆ ಹೇಗೆ ಮರೆಯಿತೋ!

ಮರುದಿನ ಸುಯಿಸುಯಿ ಬಂದವಳೇ ಹಗ್ಗ ಎತ್ತಿಕೊಂಡಳು. ಡ್ರಮ್ಮಿನೊಳಗೆ ಬಿಡುವಷ್ಟರಲ್ಲಿ ಟಿಯೆತೌ ಓಡಿ ಬಂದ.

"ಏಯ್, ತಪ್ಪು ತಪ್ಪು! ಮೊದಲು ಕೂಗ್ಬೇಕು. ಹಗ್ಗ ಗಿಗ್ಗ ಎಲ್ಲ ಆಮೇಲೆ."

"ಯಾರು ಹೇಳಿದ್ದು?"

"ಟೀಚರೇ ಹೇಳಿದ್ದು. ನಿನ್ನೆ ನೀನು ಬಂದಿರ್ಲಿಲ್ಲ. ನಾನೇ ಎಲ್ಲರಿಗಿಂತ ಜೋರಾಗಿ ಕೂಗ್ದೆ, ಗೊತ್ತಾ?"

ಸುಯಿಸುಯಿ ಹಗ್ಗವನ್ನು ಕೆಳಗಿಟ್ಟಳು. ನಡೆದು ಬಂದು ಯಾಚಿನ್‌ಳ ಎದುರು ನಿಂತಳು. "ಟೀಚರ್, ಮೊದಲು ಕೂಗ್ಬೇಕಾ?"

ಅಜ್ಜಿಯ ಸುಳ್ಳು ಯಾಚಿನ್‌ಳ ನಾಲಿಗೆಯ ಮೇಲೇ ಇತ್ತು. ಹೇಳಿಬಿಡಬಹುದಿತ್ತು, ಮಾತು ಕೊಟ್ಟೂ ಬಂದಿದ್ದಳು. ಆದರೆ ದಿನಗಟ್ಟಲೆ ಒಬ್ಬಳೇ ಉತ್ತರ ಹುಡುಕಿ ದಣಿದ ಆ ಮುಖ ನೋಡಿ ಅವಳಿಗೆ ಸುಳ್ಳು ಹೇಳಲಾಗಲಿಲ್ಲ.

"ಹೂಂ," ಎಂದಳು. "ಮೊದಲು ಕೂಗ್ಬೇಕು."

"ನೀವು ಮೂರು ಉಪಾಯ ಅಂದಿದ್ರಿ."

"ಅಂದಿದ್ದೆ. ತಪ್ಪು ಹೇಳಿಕೊಟ್ಟಿದ್ದೆ ನಾನು."

"ಮೊದಲು ಕೂಗ್ಬೇಕು ಅಂತ ಅವತ್ತು ನಂಗೆ ಗೊತ್ತಿರ್ಲಿಲ್ಲ, ಅಲ್ವಾ?"

"ಇಲ್ಲ ಕಂದಾ. ನಿಂಗೆ ಗೊತ್ತಿರ್ಲಿಲ್ಲ. ನಾನು ಹೇಳೇ ಇರ್ಲಿಲ್ಲ."

"ತಾತ ಆಗ್ಲೇ ಹೋಗಿದ್ರು ಅಂತಾರೆ ಅಜ್ಜಿ. ಹೌದಾ?"

"ಇರಬಹುದು. ನಂಗೆ ಗೊತ್ತಿಲ್ಲ ಸುಯಿಸುಯಿ. ನಿಜವಾಗ್ಲೂ ಯಾರಿಗೂ ಗೊತ್ತಿಲ್ಲ."

ಸುಯಿಸುಯಿ ನೆಲ ನೋಡುತ್ತ ನಿಂತಳು. ಅಂಗಳದ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಆಟ ಬಿಟ್ಟು ಇತ್ತ ತಿರುಗಿದ್ದರು.

"ನಾನು ಎಲ್ಲ ಸರಿಯಾಗಿ ಮಾಡ್ದೆ," ಎಂದಳು. "ನೀವು ಹೇಳಿದ್ದನ್ನೆಲ್ಲ ಮಾಡ್ದೆ."

"ಮಾಡಿದೆ. ಒಂದೂ ಬಿಡದೆ ಮಾಡಿದೆ."

"ಮತ್ತೆ ಅದನ್ನ ಯಾಕೆ ಹೇಳ್ಲಿಲ್ಲ?" ಎಂದವಳೇ ಸುಯಿಸುಯಿ ಎರಡೂ ಮುಷ್ಟಿ ಕಟ್ಟಿ ಟೀಚರ ಹೊಟ್ಟೆಗೆ ಗುದ್ದಿದಳು. "ಮೊದಲೇ ಯಾಕೆ ಹೇಳ್ಲಿಲ್ಲ ನೀವು? ಯಾಕೆ ಹೇಳ್ಲಿಲ್ಲ?" ತಾತ ಸತ್ತ ಮೇಲೆ ಆ ಮಗು ಅತ್ತದ್ದು ಅದೇ ಮೊದಲು. ಅಳು ಉಕ್ಕಿ ಉಕ್ಕಿ ಬಂತು, ಮೂಗು ಬಾಯಿ ಒಂದಾಯಿತು, ಗುದ್ದುವುದು ಮಾತ್ರ ನಿಲ್ಲಲಿಲ್ಲ.

ಯಾಚಿನ್ ಮಂಡಿಯೂರಿ ಕೂತಳು. ಈಗ ಏಟುಗಳು ಭುಜಕ್ಕೆ, ಕೆನ್ನೆಗೆ ಬೀಳತೊಡಗಿದವು.

"ಟೀಚರ್, ಇವಳು ನಿಮಗೆ ಹೊಡೀತಿದಾಳೆ!" ಎಂದ ಟಿಯೆತೌ ಗಾಬರಿಯಾಗಿ. "ನಾನು ಯಾರನ್ನಾದ್ರೂ ಕೂಗ್ಲಾ?"

"ಬೇಡ ಕಣೋ," ಎಂದಳು ಯಾಚಿನ್. "ಹೊಡೀಲಿ ಬಿಡು."